ಕ್ಯಾಶ್‌ಗೆ ಹಳೇ ಲೆಕ್ಕ ಸಾಲದು

ಪುಣೆಯಲ್ಲಿ ನಮ್ಮ ತಂಡ ಕಳೆದ ಜೂನ್‌ನಲ್ಲಿ ಒಂದು ಕಾಲೇಜಿನ ಪ್ಲೋನ್ ಸೈಟನ್ನು ಪೈಥಾನ್ 3ರ ಆವೃತ್ತಿಗೆ ಏರಿಸಿತು. ಶನಿವಾರ ಎಲ್ಲ ಸರಿಯಿತ್ತು. ಸೋಮವಾರ ಪ್ರವೇಶ ಅರ್ಜಿಗೆ ಕೊನೆಯ ದಿನ. ಸರ್ವರ್‌ನ ಮೆಮೊರಿ ತುಂಬಿ ಪುಟಗಳೇ ತೆರೆಯಲಿಲ್ಲ. ಮಕ್ಕಳ ಫೋನು ಸಂಜೆವರೆಗೂ ನಿಲ್ಲಲಿಲ್ಲ. ಗಡುವು ಎರಡು ದಿನ ಮುಂದೆ ಹೋಯಿತು.

'ಇನ್ನೊಂದು 8 ಜಿಬಿ ರ‍್ಯಾಮ್ ಹಾಕ್ಸಿ' ಎಂದರು ಮೇಲಿನವರು. ನಮ್ಮ ಕಸುಬಿನಲ್ಲಿ ಎಲ್ಲ ರೋಗಕ್ಕೂ ಇದೇ ಕಷಾಯ. ಇದು ತಪ್ಪು ಎನ್ನುವುದು ನನ್ನ ವಾದ.

ಜೋಡ್‌ಬಿ ಕ್ಯಾಶ್‌ನ ಮಿತಿ ಸಾಮಾನ್ಯವಾಗಿ ಬೈಟ್‌ಗಳಲ್ಲಿ ಅಲ್ಲ, ಆಬ್ಜೆಕ್ಟ್‌ಗಳ ಎಣಿಕೆಯಲ್ಲಿ. ಬಸ್ಸಿನ ಟಾಪ್ ಮೇಲೆ ಜೋಳದ ಮೂಟೆಯೂ ಒಂದು ನಗ, ಬುತ್ತಿ ಗಂಟೂ ಒಂದು ನಗ ಅಂದಹಾಗೆ. ಮೇಲಾಗಿ ಪ್ರತಿ ಥ್ರೆಡ್‌ನ ಸಂಪರ್ಕಕ್ಕೂ ಬೇರೆ ಕ್ಯಾಶ್. ಹಳೆಯ ಸರ್ವರ್‌ನಲ್ಲಿ 2 ಥ್ರೆಡ್ ಇದ್ದವು. ಹೊಸ ವೇಟ್ರೆಸ್ ತಾನಾಗಿ 4 ತೆರೆಯುತ್ತದೆ. 30,000ದ ಮಿತಿ ಹಾಗೇ ಉಳಿದಿದ್ದರಿಂದ 60,000 ಇದ್ದದ್ದು 1,20,000 ಆಯಿತು.

ಮಿತಿಯನ್ನು 15,000ಕ್ಕೆ ಇಳಿಸಿದೆ. ಮೆಮೊರಿ ಉಳಿಯಿತು, ಆದರೆ ಅದೇ ಮೆನು, ಅದೇ ಕ್ಯಾಟಲಾಗ್ ಡಿಸ್ಕ್‌ನಿಂದ ಮತ್ತೆ ಮತ್ತೆ ಬರತೊಡಗಿತು. ಮತ್ತೆ 30,000ಕ್ಕೇ ಏರಿಸಿ, ಥ್ರೆಡ್ 2 ಮಾಡಿದ ಮೇಲೆಯೇ ಎರಡೂ ಹತೋಟಿಗೆ ಬಂದವು. ರ‍್ಯಾಮ್ ಖರೀದಿಸಲಿಲ್ಲ.

ಆ ಸಂಖ್ಯೆ ಯಾಕೆ ಎಂದು ಹಿಂದಿನವರು ಕಾನ್ಫಿಗ್‌ನಲ್ಲಿ ಬರೆದಿರಲಿಲ್ಲ. ಈಗ ಪಕ್ಕದಲ್ಲೇ ಎರಡು ಸಾಲು ಬರೆದಿಟ್ಟಿದ್ದೇನೆ.