ಗೋಡೆಯ ಅಳತೆಗೆ ತಕ್ಕ ದಣಿವು

ಕಳೆದ ವರ್ಷ ಬಂಧುಗಳೊಬ್ಬರ ಹೊಸ ಮನೆಯ ಆಶೀರ್ವಾದಕ್ಕೆ ಹೋಗಿದ್ದೆ. ಹಜಾರದಲ್ಲಿ ಸೋಫಾದ ಮೇಲ್ಗಡೆ, ಗಾಜಿನ ಚೌಕಟ್ಟಿನೊಳಗೆ, ದಣಿದ ಕಾರ್ಮಿಕರ ಗುಂಪೊಂದು ನಡೆದು ಬರುತ್ತಿತ್ತು. 'ಫೈನ್ ಆರ್ಟ್ ಪ್ರಿಂಟ್' ಎಂಬ ಹೆಸರಿನಲ್ಲಿ ಮಾರಾಟವಾಗುವ ಪ್ರತಿ ಅದು. "ಮೂರು ಅಳತೆಗಳಲ್ಲಿ ಸಿಗುತ್ತದೆ. ಈ ನೀಲಿ ನಮ್ಮ ಸೋಫಾಕ್ಕೆ ಎಷ್ಟು ಚೆನ್ನಾಗಿ ಹೊಂದಿತು ನೋಡಿ" ಎಂದರು ಮನೆಯವರು. ಚಿತ್ರ ಬರೆದವರು ಯಾರು, ಆ ಜನರು ಎಲ್ಲಿಂದ ಬರುತ್ತಿದ್ದಾರೆ ಎಂಬುದು ಅಲ್ಲಿದ್ದ ಯಾರಿಗೂ ಬೇಕಿರಲಿಲ್ಲ. ಈ ಬಗೆಯ ಕಲಾಪ್ರೇಮವನ್ನು ನಾನು ಒಪ್ಪಲಾರೆ. ಏಕೆಂಬುದನ್ನು ತುಸು ಖಾರವಾಗಿಯೇ ಹೇಳಬೇಕಾಗಿದೆ.

ಅದು ನಾರ್ವೆಯ ಎಡ್ವರ್ಡ್ ಮುಂಕ್ 1913-14ರಲ್ಲಿ ರಚಿಸಿದ 'ಮನೆಗೆ ಮರಳುತ್ತಿರುವ ಕಾರ್ಮಿಕರು' ಎಂಬ ತೈಲವರ್ಣ ಚಿತ್ರ. ಕಂಡದ್ದನ್ನು ಕಂಡಂತೆ ಬರೆಯದೆ, ಒಳಗಿನ ಕಳವಳದ ಒತ್ತಡಕ್ಕೆ ರೂಪವನ್ನೇ ಬಾಗಿಸುವ ಅಭಿವ್ಯಕ್ತಿವಾದಕ್ಕೆ ದಾರಿ ತೋರಿದ ಕಲಾವಿದ ಈತ. ಮೂಲಚಿತ್ರ ಓಸ್ಲೋ ನಗರದ ಮುಂಕ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಎತ್ತರ ಸುಮಾರು 2 ಮೀಟರ್, ಅಗಲ ಇನ್ನೂ ಹೆಚ್ಚು. ಉದ್ದನೆಯ ಬೀದಿಯೊಂದರಿಂದ ಗಂಡಸರ ದಂಡು ಹೊರಹೊಮ್ಮಿ ನೇರವಾಗಿ ನೋಡುಗನತ್ತಲೇ ಬರುತ್ತದೆ. ಮುಂದಿನವರ ಕಾಲುಗಳ ಮೂಲಕ ಬೀದಿಯ ನೆಲವೇ ಕಾಣಿಸುತ್ತದೆ. ದುಡಿದು ದುಡಿದು ಮನುಷ್ಯ ಅಷ್ಟು ಸವೆದಿದ್ದಾನೆ. ಆದರೂ ನಡಿಗೆ ನಿಂತಿಲ್ಲ. ಅವರು ಪಕ್ಕಕ್ಕೆ ಸರಿಯುವವರಲ್ಲ, ನಾವೇ ಸರಿಯಬೇಕು. ನಾರ್ವೆಯಲ್ಲಿ ದಿನಕ್ಕೆ 8 ಗಂಟೆಗಳ ದುಡಿಮೆಯ ಕಾನೂನು ಬಂದದ್ದು 1919ರಲ್ಲಿ. ಈ ಚಿತ್ರ ಅದಕ್ಕೂ ಹಿಂದಿನದು. ಬೀದಿಯಲ್ಲಿ ನಡೆದು ಬರುವವರ ಮುಖಗಳನ್ನು ಈ ಲೆಕ್ಕವಿಟ್ಟುಕೊಂಡು ಮತ್ತೊಮ್ಮೆ ನೋಡಬೇಕು.

ಇಂಥ ಆಳೆತ್ತರದ ಜನರನ್ನು ಒಂದೂವರೆ ಅಡಿಗೆ ಕುಗ್ಗಿಸಿ ಗಾಜಿನೊಳಗೆ ಕೂಡಿಹಾಕಿದಾಗ ಏನುಳಿಯುತ್ತದೆ? ಬಣ್ಣ ಉಳಿಯುತ್ತದೆ. ಎದುರಿಗೆ ಬರುತ್ತಿದ್ದವರು ನಮ್ಮ ಬೆನ್ನ ಹಿಂದೆ ತೂಗುತ್ತಾರೆ.

ಪ್ರತಿ ಮಾಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಹಾಗೆಂದರೆ ಮುಂಕ್‌ನಿಗೇ ಅನ್ಯಾಯವಾದೀತು. 1894ರಿಂದ ಮುದ್ರಣಕಲೆಗೆ ತೊಡಗಿದ ಆತ ತನ್ನ ಪ್ರಸಿದ್ಧ 'ಚೀತ್ಕಾರ'ವನ್ನು ಮರುವರ್ಷವೇ ಕಲ್ಲಚ್ಚಿನಲ್ಲಿ ಮುದ್ರಿಸಿದವನು. ಒಂದೇ ಕ್ಯಾನ್ವಾಸ್ ಒಬ್ಬನೇ ಸಿರಿವಂತನ ಪಾಲಾಗುವುದಕ್ಕಿಂತ ನೂರು ಮನೆಗಳಿಗೆ ಚಿತ್ರ ತಲುಪುವುದು ಒಳ್ಳೆಯದೇ. ಆತ 1944ರಲ್ಲಿ ತೀರಿಕೊಂಡ. ಹಕ್ಕುಸ್ವಾಮ್ಯದ ಅವಧಿಯೂ ಮುಗಿದಿರುವುದರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ನನ್ನ ತಕರಾರು ಅಚ್ಚಿನ ಮೇಲಲ್ಲ. ಇನ್ನೊಬ್ಬರ ದಣಿವನ್ನು ಪರದೆಯ ಬಟ್ಟೆ ಆರಿಸುವಂತೆ ಆರಿಸುವ ನಮ್ಮ ಕಣ್ಣಿನ ಮೇಲೆ.

ಇದೇ ಮುಂಕ್ ಕಾರ್ಮಿಕರಿಗಾಗಿಯೇ ಚಿತ್ರ ಬರೆಯಬೇಕಾಗಿ ಬಂದಾಗ ಮಾಡಿದ್ದೇನು ಎಂಬುದನ್ನು ಕೇಳಿ. ಇಂದು ಓಸ್ಲೋ ಎನಿಸಿಕೊಂಡಿರುವ ನಗರದ ಫ್ರೇಯಾ ಚಾಕಲೇಟ್ ಕಾರ್ಖಾನೆ, 1922ರಲ್ಲಿ ತನ್ನ ಹೆಣ್ಣಾಳುಗಳ ಊಟದ ಕೋಣೆಗೆ ಚಿತ್ರಗಳನ್ನು ಬರೆದುಕೊಡಲು ಆತನನ್ನು ಕೇಳಿತು. ಆತ 12 ಚಿತ್ರಗಳನ್ನು ರಚಿಸಿದ. ಅವುಗಳಲ್ಲಿ ಕಡಲ ದಂಡೆಯಿದೆ, ಹಣ್ಣು ಕೊಯ್ಯುವವರಿದ್ದಾರೆ, ಹೂಗಿಡಕ್ಕೆ ನೀರೆರೆಯುವ ಹುಡುಗಿಯರಿದ್ದಾರೆ, ಕುಣಿತವಿದೆ. ದಿನವಿಡೀ ಯಂತ್ರದ ಮುಂದೆ ನಿಂತವರಿಗೆ ತುತ್ತೆತ್ತುವಾಗ ಮತ್ತೆ ದುಡಿಮೆಯನ್ನೇ ತೋರಿಸುವಷ್ಟು ಕಟುಕ ಆತನಲ್ಲ. ದುಡಿದವರಿಗೆ ಸಮುದ್ರವನ್ನು ಕೊಟ್ಟ; ದಣಿವನ್ನು ಬೀದಿಗೆ ತಂದು ನಮ್ಮ ಎದುರಿಗೆ ನಿಲ್ಲಿಸಿದ. ನಾವು ಅದನ್ನು ಸೋಫಾದ ಮೇಲೆ ತೂಗುಹಾಕಿದೆವು.

ಹಾಗಾದರೆ ಆ ಚಿತ್ರವನ್ನು ಗೋಡೆಯಿಂದ ಇಳಿಸಬೇಕೆ? ಬೇಡ. ಅದನ್ನು ಎದುರಿನ ಗೋಡೆಗೆ ಸರಿಸಿದರೂ ಸಾಕು. ಕುಳಿತವರು ಒಮ್ಮೆಯಾದರೂ ತಲೆಯೆತ್ತಿ ಅವರನ್ನು ನೋಡಬೇಕಾದೀತು. ಅಂಗಡಿಯವರು ಅಳತೆ, ಬೆಲೆಗಳ ಜೊತೆಗೆ ಎರಡು ಸಾಲಿನಲ್ಲಿ ಇವರು ಯಾರೆಂದು ಬರೆದರೆ ಅವರ ವ್ಯಾಪಾರವೇನೂ ಮುಳುಗದು.

ಊಟದ ಹೊತ್ತಿಗೆ ಇನ್ನೊಂದು ಸಂಗತಿ ತಿಳಿಯಿತು. ಆ ಚಿತ್ರಕ್ಕೆ ಗೋಡೆ ಕೊರೆದು ಮೊಳೆ ಕೂರಿಸಿದವರು ಆ ಮನೆಯನ್ನು ಕಟ್ಟಿದ ಮೇಸ್ತ್ರಿಯೇ. ಹಿಂದಿನ ರಾತ್ರಿ ಒಂಬತ್ತರವರೆಗೂ ಕೆಲಸದಲ್ಲಿದ್ದರಂತೆ. ಪಂಕ್ತಿಯಲ್ಲಿ ಅವರು ಕಾಣಲಿಲ್ಲ. ಕೇಳಿದ್ದಕ್ಕೆ, "ಕೊನೆಯ ಕಂತು ಇನ್ನೂ ಕೊಟ್ಟಿಲ್ಲ, ಕರೆದರೆ ಎಲ್ಲರೆದುರು ಕೇಳಿಬಿಟ್ಟಾರು" ಎಂದು ನಗುತ್ತ ಹೇಳಿದರು. ಆ ನಗುವಿಗೆ ನಾನೂ ಏನನ್ನೂ ಹೇಳದೆ ಕೈತೊಳೆಯಲು ಎದ್ದೆ. ಹಿಂದಿರುಗಿ ಬಂದಾಗ ಮಕ್ಕಳು ಸೋಫಾದ ಮೇಲೆ ಹತ್ತಿ ನಿಂತು, ಚಿತ್ರದಲ್ಲಿ ಎಷ್ಟು ಜನರಿದ್ದಾರೆಂದು ಬೆರಳಿಟ್ಟು ಎಣಿಸುತ್ತಿದ್ದರು.