ಆ ಅಜ್ಜಿಗೆ ಯಾವ ಸಂಘಟನೆ?



ನಿನ್ನೆ ನವೆಂಬರ್ 26. ಆಫೀಸಿನಲ್ಲಿ ಸಂವಿಧಾನ ಪೀಠಿಕೆ ಓದಿದ್ವಿ. ಸಂಜೆ ಮತ್ತಿಘಟ್ಟಕ್ಕೆ ಬಂದು ಕೇರಿಯಲ್ಲಿ ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕಿ ಭಾಷಣ ಮಾಡಿದ್ವಿ. ನಾನೂ ಮಾಡಿದೆ, ಚಪ್ಪಾಳೆಯೂ ಬಿತ್ತು. ಇವತ್ತು 27. ಈ ತಾರೀಖಿನ ಬಗ್ಗೆ ನಮ್ಮ ಬಳಗದಲ್ಲಿ ಯಾರೂ ಬರೆದಿದ್ದು ನಾನು ನೋಡಿಲ್ಲ. ನಾನೂ ಬರೆದಿರಲಿಲ್ಲ. ಯಾಕೆ ಬರೆದಿರಲಿಲ್ಲ ಅನ್ನುವುದನ್ನೇ ಇವತ್ತು ಹೇಳ್ತೀನಿ. ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

1973ರ ನವೆಂಬರ್ 27ರ ಸಂಜೆ, ಮುಂಬಯಿಯ ಕೆಇಎಂ ಆಸ್ಪತ್ರೆ. ಅಲ್ಲಿ ನರ್ಸ್ ಆಗಿದ್ದವಳು ನಮ್ಮದೇ ಜಿಲ್ಲೆಯ ಹೆಣ್ಣುಮಗಳು, ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ. ವಯಸ್ಸು ಇಪ್ಪತ್ತೈದರ ಆಸುಪಾಸು. ಅದೇ ಆಸ್ಪತ್ರೆಯ ಸ್ವೀಪರ್ ಒಬ್ಬ ನಾಯಿ ಕಟ್ಟುವ ಸರಪಳಿಯನ್ನು ಅವಳ ಕುತ್ತಿಗೆಗೆ ಬಿಗಿದ, ಲೈಂಗಿಕ ದೌರ್ಜನ್ಯ ಮಾಡಿದ. ಕೆಲಸದ ವಿಷಯಕ್ಕೆ ಅವಳು ಗದರಿದ್ದಕ್ಕೆ ಸೇಡು ತೀರಿಸಿಕೊಂಡ ಅಂತ ಆಗಿನಿಂದ ಹೇಳುತ್ತಾ ಬಂದಿದ್ದಾರೆ. ಮಿದುಳಿಗೆ ಆಮ್ಲಜನಕ ನಿಂತುಹೋಗಿ ಅವಳು ಮತ್ತೆ ಏಳಲೇ ಇಲ್ಲ. 2015ರ ಮೇ 18ಕ್ಕೆ ಅದೇ ಆಸ್ಪತ್ರೆಯಲ್ಲಿ ಉಸಿರು ಬಿಟ್ಟಳು. ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಹಾಸಿಗೆಯಲ್ಲಿ. ಅವನಿಗೆ ಶಿಕ್ಷೆ ಆಗಿದ್ದು ಕೊಲೆ ಯತ್ನ ಮತ್ತು ದರೋಡೆಗೆ, ಏಳು ವರ್ಷ. ಅತ್ಯಾಚಾರದ ಕೇಸೇ ಹಾಕಲಿಲ್ಲ.

ಅವನ ಹೆಸರಿನ ಕೊನೆಯಲ್ಲಿ ನಮ್ಮ ಸೋದರ ಸಮುದಾಯದ ಗುರುತು ಇತ್ತು. ನಾವು ಸುಮ್ಮನಿದ್ದಿದ್ದಕ್ಕೆ ಕಾರಣ ಅದೇ. 2015ರಲ್ಲಿ ಅವಳು ತೀರಿಕೊಂಡ ಸುದ್ದಿ ಬಂದ ದಿನ ನನ್ನ ಟೇಬಲ್ ಪಕ್ಕದಲ್ಲೇ ಒಬ್ಬರು, "ಅಂಥವ್ರನ್ನ ಒಳಗೆ ಬಿಟ್ಟರೆ ಇನ್ನೆಂತ ಆಗ್ತದೆ" ಅಂದರು. ನಾನು ಫೈಲಿನಿಂದ ತಲೆ ಎತ್ತಲಿಲ್ಲ. ಒಬ್ಬ ಮಾಡಿದ ಅಪರಾಧಕ್ಕೆ ಒಂದು ಸಮುದಾಯವನ್ನೇ ಕಟಕಟೆಗೆ ನಿಲ್ಲಿಸುತ್ತಾರೆ ಅಂತ ಸಿಟ್ಟು ಬಂತು. ಆ ಸಿಟ್ಟು ಸರಿಯೇ ಇತ್ತು. ಆದರೆ ಆ ಸಿಟ್ಟಿನಲ್ಲಿ ಅರುಣಾಳನ್ನೇ ಮರೆತೆ. ಅದು ಸರಿ ಇರಲಿಲ್ಲ.

ಈಗ ಯಾಕೆ ನೆನಪಾಯ್ತು ಅಂದರೆ, ನನ್ನ ಅಕ್ಕನ ಮಗಳು.

ನಮ್ಮ ಮನೆತನದಲ್ಲಿ ಮೊದಲ ನರ್ಸ್ ಅವಳು. ಹಾಸ್ಟೆಲಿನಲ್ಲಿದ್ದು, ಸ್ಕಾಲರ್‌ಶಿಪ್ಪಿನ ದುಡ್ಡು ತಡವಾದಾಗೆಲ್ಲ ನನ್ನ ಸಂಬಳದ ಮೇಲೆ ಸಾಲ ತೆಗೆದು, ಜಿಎನ್‌ಎಂ ಮುಗಿಸಿದಳು. ಮೊದಲ ಕೆಲಸ ಒಂದು ಪಟ್ಟಣದ ವೃದ್ಧರ ಆರೈಕೆ ಕೇಂದ್ರದಲ್ಲಿ. ಹೆಸರು ಬೇಡ. ನಮ್ಮ ಕಡೆ ನಿಮಗೆ ಗೊತ್ತೇ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದ ದೊಡ್ಡ ದೊಡ್ಡ ಮನೆಗಳಲ್ಲಿ ಈಗ ಅಜ್ಜ ಅಜ್ಜಿ ಇಬ್ಬರೇ. ಮಕ್ಕಳು ಬೆಂಗಳೂರು, ಅಮೆರಿಕ. ಹಾಸಿಗೆ ಹಿಡಿದ ಮೇಲೆ ಒಂದೋ ಮನೆಗೆ ಹೋಂ ನರ್ಸ್ ಅಂತ ಒಬ್ಬ ಹುಡುಗಿ ಬರ್ತಾಳೆ, ಇಲ್ಲ ಇಂಥ ಕೇಂದ್ರಕ್ಕೆ ಕಳಿಸ್ತಾರೆ. ಎರಡೂ ಕಡೆ ಮಲ ಮೂತ್ರ ತೆಗೆಯುವ ಕೈ ಹೆಚ್ಚಾಗಿ ಯಾರದ್ದು ಅಂತ ಬೇರೆ ಹೇಳಬೇಕಾಗಿಲ್ಲ. ಜೀವನಪೂರ್ತಿ ಅಂಗಳದಿಂದ ಒಳಗೆ ಬಿಡದವರ ಮೈಯನ್ನು ಕೊನೆಗಾಲಕ್ಕೆ ತೊಳೆಯುವುದು ನಮ್ಮ ಹೆಂಗಸರೇ.

ಅವಳ ರಾತ್ರಿ ಪಾಳಿ 12 ಗಂಟೆ. ನರ್ಸ್ ಅಂತ ಇವಳೊಬ್ಬಳೇ, ಜೊತೆಗೆ ಇಬ್ಬರು ಅಟೆಂಡರ್. ಹಾಸಿಗೆಗಳು 32. ಅಟೆಂಡರ್‌ಗಳಲ್ಲಿ ಒಬ್ಬಳು ಐವತ್ತು ದಾಟಿದ ಹೆಂಗಸು. ನಮ್ಮವಳೇ. ಹದಿನಾಲ್ಕು ವರ್ಷದ ಅನುಭವ. ಉಳಿದ ನರ್ಸ್‌ಗಳನ್ನು ಸಿಸ್ಟರ್ ಅನ್ನುವವಳು ನಮ್ಮ ಹುಡುಗಿಯನ್ನು ಮಾತ್ರ "ಏ ಹುಡುಗಿ" ಅಂತಿದ್ದಳು. ಅದನ್ನು ಇವಳು ಮನಸ್ಸಿಗೆ ಹಚ್ಕೊಂಡಿರಲಿಲ್ಲ. ಆದರೆ ಒಂದು ರಾತ್ರಿ ಮರೆವಿನ ಕಾಯಿಲೆಯ ಅಜ್ಜಿಯೊಬ್ಬರ ಎರಡೂ ಕೈಯನ್ನು ಹಳೇ ಸೀರೆಯ ತುಂಡಿನಿಂದ ಮಂಚಕ್ಕೆ ಕಟ್ಟಿದ್ದು ಕಂಡಳು. ಮಲಗಿದ ಭಂಗಿಯಲ್ಲೇ ಗಂಜಿ ಸುರಿಯುತ್ತಿದ್ದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದೇವೆ ಅಂತ ಚಾರ್ಟಿನಲ್ಲಿ ಬೆಳಗಿನವರೆಗಿನ ಟಿಕ್ ಎಲ್ಲ ರಾತ್ರಿ ಹತ್ತಕ್ಕೇ ಬಿದ್ದಿತ್ತು. ಕೇಳಿದ್ದಕ್ಕೆ, "ನಿನ್ನೆ ಮೊನ್ನೆ ಬಂದವಳು ನೀನು, ನಂಗೆ ಕಲಿಸ್ತೀಯಾ?"

ಹುಡುಗಿ ಫೋನ್ ಮಾಡಿದಳು. "ಮಾಮಾ, ಬರೆದು ಕೊಡಲಾ?"

ನಾನು ಏನು ಹೇಳಿದೆ ಗೊತ್ತಾ? "ಬಡವಳು, ನಮ್ಮವಳು. ಹೊಟ್ಟೆ ಮೇಲೆ ಹೊಡಿಬೇಡ. ಒಂದ್ ಮಾತು ಹೇಳಿ ಬಿಡು."

ಹನ್ನೊಂದು ದಿನ ಅವಳು ಸುಮ್ಮನಿದ್ದಳು. ಹನ್ನೆರಡನೇ ದಿನ ಅಜ್ಜಿಯ ಮಣಿಕಟ್ಟಿನ ಚರ್ಮ ಕಿತ್ತು ಬಂದಿತ್ತು, ಸೊಂಟದ ಕೆಳಗೆ ಹುಣ್ಣು ಬಾಯಿ ತೆರೆದಿತ್ತು. ಆ ರಾತ್ರಿ ಮತ್ತೆ ಫೋನ್ ಬಂತು. ಈ ಸಲ ಅವಳು ಏನೂ ಕೇಳಲಿಲ್ಲ, ಹೇಳಿದಳು. "ಆ ಹೆಂಗಸಿಗೆ ಏನಾದರೂ ಆದರೆ ನೀವು ಬರ್ತೀರಿ, ಸಂಘಟನೆ ಬರ್ತದೆ. ಆ ಅಜ್ಜಿಗೆ ಯಾವ ಸಂಘಟನೆ ಉಂಟು ಮಾಮಾ? ನಾನೇ ಅಲ್ವಾ?"

ಮರುದಿನ ಬರೆದು ಕೊಟ್ಟಳು.

ಎರಡೇ ದಿನಕ್ಕೆ ನನಗೆ ಇನ್ನೊಂದು ಫೋನ್. ಆ ಹೆಂಗಸಿನ ಕಡೆಯವರದ್ದು. "ಅಣ್ಣಾ, ಯಾರೋ ನರ್ಸ್ ದೂರು ಕೊಟ್ಟು ನಮ್ಮ ಚಿಕ್ಕಮ್ಮನ ಕೆಲಸ ತೆಗೆಸಿದ್ದಾಳೆ. ಅಟ್ರಾಸಿಟಿ ಹಾಕುವಾ." ನರ್ಸ್ ಯಾರು ಅಂತ ಹೇಳಿದೆ. ಆ ಕಡೆ ಮಾತು ನಿಂತಿತು. 1989ರ ಕಾಯ್ದೆ ನಮ್ಮ ಮೇಲೆ ಇತರರು ಮಾಡುವ ದೌರ್ಜನ್ಯಕ್ಕೆ ಇರುವುದು, ನಮ್ಮವರ ಮೇಲೆ ನಮ್ಮವರೇ ಹಾಕಲು ಬರುವುದಿಲ್ಲ. ಆದರೆ ನರ್ಸ್ ಬೇರೆ ಜಾತಿಯವಳಾಗಿದ್ದರೆ? ಆಗ ನಾವು ಅಜ್ಜಿಯ ಕೈ ನೋಡದೆ ಠಾಣೆಗೆ ಹೋಗ್ತಿದ್ದೆವಾ? ನಾನಂತೂ ಹೋಗ್ತಿದ್ದೆ. ಒಪ್ಪಿಕೊಳ್ತೀನಿ. ಆ ಕಾಯ್ದೆ ನಮ್ಮ ರಕ್ತದಿಂದ ಬಂದದ್ದು. ಅದನ್ನು ಹೀಗೆ ಬಳಸಲು ಹೊರಟರೆ ನಿಜವಾಗಿ ಬೇಕಾದ ದಿನ ನಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ಇನ್ನು ಕೇಂದ್ರದವರ ಕಥೆ. ವಿಚಾರಣೆ ಇಲ್ಲ, ನೋಟೀಸ್ ಇಲ್ಲ. ಏಜೆನ್ಸಿಗೆ ಒಂದು ಫೋನ್, ಹೆಂಗಸು ಮನೆಗೆ. ಮೇಲ್ವಿಚಾರಕರು ನಮ್ಮ ಹುಡುಗಿಯ ಎದುರೇ, "ಆ ಜಾತಿಯವ್ರೇ ಹಂಗೆ, ಬಿಡಿ ಸಿಸ್ಟರ್" ಅಂದರಂತೆ. ಅವಳ ಜಾತಿ ಅವರಿಗೆ ಗೊತ್ತಿರಲಿಲ್ಲ. ಮಾರನೇ ರಾತ್ರಿಯೂ 32 ಹಾಸಿಗೆ, ಅಟೆಂಡರ್ ಮಾತ್ರ ಈಗ ಒಬ್ಬನೇ.

ನಾನು ಆ ಹೆಂಗಸಿನ ಮನೆಗೆ ಹೋದೆ. ಬೈಯಲೂ ಅಲ್ಲ, ಸಮಾಧಾನ ಮಾಡಲೂ ಅಲ್ಲ, ಕೇಳಲು. ಅವಳು ಸುಳ್ಳು ಹೇಳಲಿಲ್ಲ. "ಹೌದು ಕಟ್ಟಿದ್ದೆ. ಅಜ್ಜಿ ಎದ್ದು ಬಿದ್ದರೆ ಏಜೆನ್ಸಿ ನನ್ನ ಸಂಬಳ ಮುರೀತದೆ. ಒಂದ್ಸಲ ಮುರಿದಿದೆ. ನಾನೊಬ್ಬಳು ಎಷ್ಟು ಕಡೆ ನೋಡುದು? ಮೊದಲ ದಿನ ಕೈಗೆ ಬಕೆಟ್ ಕೊಟ್ಟರು. ಅಷ್ಟೇ ನನ್ನ ಟ್ರೇನಿಂಗು."

ಈಗ ನನ್ನ ಅಭಿಪ್ರಾಯ. ಅವಳು ಮಾಡಿದ್ದು ತಪ್ಪು. ಬಡತನ ಅದನ್ನು ಸರಿ ಮಾಡುವುದಿಲ್ಲ. ಆದರೆ ಬಿದ್ದರೆ ದಂಡ, ಕಟ್ಟಿದರೆ ಕೇಳುವವರಿಲ್ಲ ಅನ್ನುವ ಲೆಕ್ಕ ಮಾಡಿದ್ದು ಅವಳಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಓದಿ. ರೋಗಿಯನ್ನು ಕಟ್ಟುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಅನುಮತಿಯಿಂದ. ಶಿಕ್ಷೆಯಾಗಿ ಕಟ್ಟುವಂತಿಲ್ಲ. ಸಿಬ್ಬಂದಿ ಕಡಿಮೆ ಇದ್ದಾರೆ ಅನ್ನುವ ಕಾರಣಕ್ಕಂತೂ ಕಟ್ಟುವಂತೆಯೇ ಇಲ್ಲ. ಆ ಕಾಯ್ದೆ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಬರೆದದ್ದು. ಆದರೆ ಮನುಷ್ಯರ ಕೈ ಎಲ್ಲಾ ಕಡೆ ಒಂದೇ ಅಲ್ವಾ? ಹಾಗೆಯೇ ಪಾಳಿಯ ಮಾತು. ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ, 1946ರ ತಿದ್ದುಪಡಿಯಿಂದ, ಕಾರ್ಖಾನೆ ಕೆಲಸ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಈ ಹೆಂಗಸು ವಾರಕ್ಕೆ ಆರು ರಾತ್ರಿ, ರಾತ್ರಿಗೆ 12 ಗಂಟೆ ದುಡಿಯುತ್ತಿದ್ದಳು. ನೀವೇ ಗುಣಿಸಿಕೊಳ್ಳಿ.

ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ನರ್ಸ್ ಮಕ್ಕಳಿಗೆ ಎರಡು ಮಾತು. ಇದು ನನ್ನ ಅಕ್ಕನ ಮಗಳಿಂದ ನಾನೇ ಕಲಿತದ್ದು.

ಸಿಡುಕುವವರು ಬೇರೆ, ಅಪಾಯ ತರುವವರು ಬೇರೆ. ಮಾತು ಕೇಳುವುದಿಲ್ಲ, ಹುಡುಗಿ ಅಂತಾರೆ, ಕರೆದರೆ ಬರುವುದಿಲ್ಲ, ಇದು ಮೊದಲನೇದು. ಇದಕ್ಕೆ ಜೊತೆಗೆ ನಿಂತು ಕೆಲಸ ಮಾಡಿ. ನೀವೂ ಒಂದು ತುದಿ ಹಿಡಿದು ಮಗ್ಗುಲು ಬದಲಿಸಿ. ಎಬ್ಬಿಸಿ ಕೂರಿಸಿ ಉಣಿಸದಿದ್ದರೆ ಗಂಜಿ ಶ್ವಾಸಕೋಶಕ್ಕೆ ಹೋಗ್ತದೆ ಅಂತ ಕಾರಣ ಹೇಳಿ. ಅವರಿಗೆ ಯಾರೂ ಕಾರಣ ಹೇಳಿಲ್ಲ, ಬರೀ ಕೆಲಸ ಹೇಳಿದ್ದಾರೆ. ಅವರ ಅನುಭವವನ್ನೂ ಕೇಳಿ. ಯಾವ ಅಜ್ಜ ಯಾವ ಹೊತ್ತಿಗೆ ಏಳ್ತಾರೆ ಅನ್ನುವುದು ನಿಮ್ಮ ಪುಸ್ತಕದಲ್ಲಿಲ್ಲ.

ರೋಗಿಗೆ ಪೆಟ್ಟಾಗುವುದು ಎರಡನೇದು. ಕಟ್ಟುವುದು, ಹೊಡೆಯುವುದು, ಸುಳ್ಳು ಟಿಕ್. ಇಲ್ಲಿ ಹನ್ನೊಂದು ದಿನ ಕಾಯಬೇಡಿ. ಮೊದಲು ಬಿಚ್ಚಿ, ಗಾಯ ನೋಡಿ, ಅದೇ ಪಾಳಿಯಲ್ಲಿ ಬರೆಯಿರಿ. ತಾರೀಖು, ಗಂಟೆ, ಕಣ್ಣಾರೆ ಕಂಡದ್ದು. "ಸ್ವಭಾವ ಸರಿ ಇಲ್ಲ" ಅಂತ ಬರೆಯಬೇಡಿ, "ಎರಡೂ ಕೈ ಕಟ್ಟಿತ್ತು" ಅಂತ ಬರೆಯಿರಿ. ಆ ರಾತ್ರಿ ಎಷ್ಟು ಹಾಸಿಗೆ, ಎಷ್ಟು ಜನ ಡ್ಯೂಟಿಯಲ್ಲಿದ್ದರು ಅನ್ನುವುದನ್ನು ಅದೇ ಹಾಳೆಯಲ್ಲಿ ಬರೆಯಿರಿ. ಆಗ ತಪ್ಪೆಲ್ಲ ಅಟೆಂಡರ್ ತಲೆಗೆ ಕಟ್ಟಲು ಮ್ಯಾನೇಜ್ಮೆಂಟಿಗೆ ಸುಲಭ ಆಗುವುದಿಲ್ಲ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಒಳಗೆ ಯಾರೂ ಕೇಳದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ.

ನಿಮಗೇ ಅಪಾಯ ಇರುವುದು ಮೂರನೇದು. ಉಳಿದ ಆ ಒಬ್ಬ ಅಟೆಂಡರ್ ಕುಡಿದು ಬಂದು ರಾತ್ರಿ ಒಂದು ಗಂಟೆಗೆ ಔಷಧಿ ಕೋಣೆ ಬಾಗಿಲಿಗೆ ಅಡ್ಡ ನಿಲ್ತಾನೆ ಅಂತ ನಮ್ಮ ಹುಡುಗಿ ಮೊನ್ನೆ ಹೇಳಿದಳು. ಅವನು ನಮ್ಮವನಲ್ಲ. ನಮ್ಮವನಾಗಿದ್ದರೂ ನಾನು ಇದನ್ನೇ ಬರೀತಿದ್ದೆ ಅಂತ ಹೇಳುವ ಧೈರ್ಯ ಈಗ ಬಂದಿದೆ. ಇಂಥವನಿಗೆ ಒಬ್ಬಳೇ ಬುದ್ಧಿ ಹೇಳಲು ಹೋಗಬೇಡಿ. 112ಕ್ಕೆ ಕರೆ ಮಾಡಿ. ಹತ್ತು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು ಅನ್ನುತ್ತದೆ 2013ರ ಕಾಯ್ದೆ. ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ. ಗುತ್ತಿಗೆಯವರಿಗೂ ಅದು ಅನ್ವಯ. ನಮ್ಮ ಹುಡುಗಿಯ ದೂರು ಈ ವಾರ ಹೋಗಿದೆ. ಏನಾಗ್ತದೆ ನೋಡಬೇಕು. ಈ ಸಲ ಅವಳ ಜೊತೆ ನಾನಿದ್ದೀನಿ.

ಇನ್ನು ನಮ್ಮ ಬಳಗಕ್ಕೆ. ಇಂಥ ಫೋನ್ ಬಂದಾಗ ಮೊದಲು ರೋಗಿ ಹೇಗಿದ್ದಾರೆ ಅಂತ ಕೇಳಿ. ಆಮೇಲೆ ವಿಚಾರಣೆ ನಡೆಯಿತಾ ಅಂತ ಕೇಳಿ. ಆಮೇಲೆ ಆ ಪಾಳಿಯಲ್ಲಿ ಎಷ್ಟು ಜನ ಇದ್ದರು ಅಂತ ಕೇಳಿ. ಜಾತಿ ಕೇಳುವುದಿದ್ದರೆ ನಾಲ್ಕನೆಯದಾಗಿ ಕೇಳಿ. "ಆ ಜಾತಿಯವ್ರೇ ಹಂಗೆ" ಅಂದವರನ್ನು ನಾನು ಬಿಡುವುದಿಲ್ಲ, ಅದರ ಅರ್ಜಿ ಬೇರೆಯೇ ಇದೆ. ವಿಚಾರಣೆ ಇಲ್ಲದೆ ತೆಗೆದದ್ದಕ್ಕೆ, ಮುರಿದ ಸಂಬಳಕ್ಕೆ ಆ ಹೆಂಗಸಿನ ಪರವಾಗಿಯೂ ಅರ್ಜಿ ಬರೆದಿದ್ದೀನಿ. ಅವಳ ಹೆಸರಿನ ಅರ್ಜಿಯಲ್ಲಿ ಕೈ ಕಟ್ಟಿದ್ದು ನಿಜ ಅನ್ನುವ ಸಾಲನ್ನೂ ಅವಳ ಒಪ್ಪಿಗೆ ಪಡೆದೇ ಸೇರಿಸಿದೆ. ಓದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಬ್ಬೆಟ್ಟು ಒತ್ತಿದಳು.

ಕೊನೆಗೆ ಮತ್ತೆ ಅರುಣಾ. ಅಷ್ಟು ವರ್ಷ ಮಲಗಿದ್ದರೂ ಅವಳ ಬೆನ್ನಿಗೆ ಹಾಸಿಗೆ ಹುಣ್ಣು ಆಗಿರಲಿಲ್ಲ ಅಂತಾರೆ. ಒಂದು ತಲೆಮಾರಿನ ನರ್ಸ್‌ಗಳು ನಿವೃತ್ತರಾದರು, ಇನ್ನೊಂದು ತಲೆಮಾರು ಬಂತು, ಮಗ್ಗುಲು ಬದಲಿಸುವ ಕೆಲಸ ನಿಲ್ಲಲಿಲ್ಲ. 1980ರ ದಶಕದಲ್ಲಿ ಅವಳನ್ನು ಅಲ್ಲಿಂದ ಸಾಗಿಸಲು ಪಾಲಿಕೆ ಹೊರಟಾಗ ನರ್ಸ್‌ಗಳು ಎದ್ದು ನಿಂತು ತಡೆದರು. 2011ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ದಯಾಮರಣದ ತೀರ್ಪು ಕೊಟ್ಟಾಗಲೂ, ಅವಳನ್ನು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯವರ ಮಾತಿಗೆ ಬೆಲೆ ಕೊಟ್ಟಿತು. ಅವರು ಯಾರೂ ಅವಳ ರಕ್ತಸಂಬಂಧಿಗಳಲ್ಲ. ಅವಳಿಗೆ ಸಂಘಟನೆ ಅಂತ ಇದ್ದದ್ದು ಅವರೇ.

ನನ್ನ ಅಕ್ಕನ ಮಗಳು ಇವತ್ತು ರಾತ್ರಿಯೂ ಡ್ಯೂಟಿಗೆ ಹೋಗಿದ್ದಾಳೆ. ಅಜ್ಜಿಯ ಹುಣ್ಣು ಒಣಗ್ತಾ ಬಂದಿದೆಯಂತೆ.

ಜೈಭೀಮ್.