ಎಂಜಿನ್ ಬಿಚ್ಚೋ ಮುಂಚೆ ಕಿವಿ ಕೊಡೋಣ

ಬಾಗಲವಾಡದಲ್ಲಿ ಲಾನ್ ಟ್ರ್ಯಾಕ್ಟರ್ ಹುಡುಕಿದರೆ ಸಿಗಲಿಕ್ಕಿಲ್ಲ. ಹುಲ್ಲುಹಾಸು ಕತ್ತರಿಸೋಷ್ಟು ಪುರುಸೊತ್ತು ಮಾನ್ವಿ ಕಡೆಯ ರೈತರಿಗೆ ಎಲ್ಲಿದೆ? ಅದರ ದುಡಿಯೋ ಅಣ್ಣ ಅಂದರೆ ಪವರ್ ಟಿಲ್ಲರ್. ಒಂದೇ ಸಿಲಿಂಡರ್, ಫೋರ್ ಸ್ಟ್ರೋಕ್, ಡೀಸೆಲ್. ಟಿಲ್ಲರ್ ಮಾಡೋ ಬೆಂಗಳೂರಿನ ವಿಎಸ್‌ಟಿ ಕಂಪನಿ ಶುರುವಾಗಿದ್ದು 1967ರಲ್ಲಿ. ಅಂದರೆ ಈ ಎಂಜಿನ್ ಬಿಚ್ಚಿ ಜೋಡಿಸೋ ವಿದ್ಯೆ ನಮ್ಮ ರಾಜ್ಯದಲ್ಲಿ ನಮ್ಮೆಲ್ಲರಿಗಿಂತ ಹಳೆಯದು.

ಈಗ ಪ್ರಶ್ನೆಗೆ ಬರೋಣ. ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿ ಸ್ಟಾರ್ಟ್ ಮಾಡಿದ ಮೇಲೂ ಎಂಜಿನ್ ಟಕ್ ಟಕ್ ಅಂದರೆ ಏನು ಮಾಡೋದು? ನಮ್ಮಲ್ಲಿ ಬಹಳ ಜನರ ಉತ್ತರ, 'ಮತ್ತೆ ಬಿಚ್ಚೋಣ'. ಆದರೆ ಕಾಲುವೆಗೆ ನೀರು ಬಿಟ್ಟ ವಾರದಲ್ಲಿ ಸುಮ್ಮನೆ ಬಿಚ್ಚಿದರೆ ಗ್ಯಾಸ್ಕೆಟ್, ಕೂಲಿ, ಕೈತಪ್ಪಿದ ದಿನ ಎಲ್ಲದರ ಬಿಲ್ ಕಟ್ಟೋದು ರೈತ. ದಪ್ಪ ಸದ್ದಿನ ಜೊತೆ ಆಯಿಲ್ ಪ್ರೆಶರ್ ಬಿದ್ದರೆ ಮಾತ್ರ ತಕ್ಷಣ ಆಫ್ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿದಂತೆ, ಸದ್ದು ಎಂಥದು ಅನ್ನೋದಕ್ಕಿಂತ ಯಾವಾಗ ಬರುತ್ತೆ ಅಂತ ಮೊದಲು ಕೇಳಬೇಕು ಅನ್ನೋದು ನಮ್ಮ ವಾದ.

ಎಂಜಿನ್ ತಣ್ಣಗಿದ್ದಾಗ ಬಂದು, ಕಾದ ಮೇಲೆ ಕಡಿಮೆಯಾದರೆ ಪಿಸ್ಟನ್ ಬೋರಿನ ಗೋಡೆಗೆ ಬಡಿಯುತ್ತಿರಬಹುದು. ಕಾದ ಪಿಸ್ಟನ್ ಹಿಗ್ಗಿ ಸಂದು ಕಿರಿದಾಗುತ್ತೆ. ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಏಟು ಬಿದ್ದರೆ ಪಿಸ್ಟನ್ ಹೆಡ್‌ಗೆ ತಾಗುತ್ತಿರೋ ಅನುಮಾನ. ಎರಡು ಸುತ್ತಿಗೆ ಒಂದಾದರೆ ವಾಲ್ವ್ ಇರಬಹುದು, ಇಲ್ಲವೇ ಬೆಂಕಿ ಹತ್ತುವಾಗಿನ ಒತ್ತಡ. ಅವೆರಡನ್ನು ಬೇರೆ ಮಾಡೋಕೆ ಸ್ಟಾಪ್ ಲಿವರ್ ಎಳೆದು, ಎಂಜಿನ್ ನಿಲ್ಲೋವರೆಗೆ ಕೇಳಿ. ಡೀಸೆಲ್ ನಿಂತ ಕೂಡಲೇ ಸದ್ದು ತಗ್ಗಿದರೆ ಇಂಜೆಕ್ಷನ್ ಟೈಮಿಂಗ್ ಅಥವಾ ಬಿಗ್ ಎಂಡ್ ಬೇರಿಂಗ್ ನೋಡಬೇಕು. ನಿಲ್ಲೋವರೆಗೂ ಟಿಕ್ ಟಿಕ್ ಅಂತಿದ್ದರೆ ಟ್ಯಾಪೆಟ್ ಸಂದು ಅಳೆಯಬೇಕು. ಅದಕ್ಕೆ ಕವರ್ ತೆಗೆದು ಫೀಲರ್ ಗೇಜ್ ಹಾಕಿದರೆ ಸಾಕು, ಎಂಜಿನ್ ಇಳಿಸಬೇಕಿಲ್ಲ.

ಇನ್ನೊಂದು ಮಾತು, ಹೊರಗಿನಿಂದ ಒಳಗೆ ಹೋಗಬೇಕು. ಫ್ಲೈವೀಲ್ ನಟ್ ಸಡಿಲಾಗಿದ್ದರೆ ಅಥವಾ ಅದರ ಕೀ ಸವೆದಿದ್ದರೆ ಥೇಟ್ ಬೇರಿಂಗ್ ಹೋದಂಗೇ ಕೇಳುತ್ತೆ. ಎಂಜಿನ್ ಆಫ್ ಮಾಡಿ ಪುಲ್ಲಿ, ಫೌಂಡೇಶನ್ ಬೋಲ್ಟ್ ಎಲ್ಲ ನೋಡಿದ ಮೇಲೇ ಒಳಗಿನ ಅನುಮಾನ. ಹೆಡ್‌ಗೆ ಪಿಸ್ಟನ್ ತಾಗೋ ಭಯವನ್ನಂತೂ ಜೋಡಿಸುವಾಗಲೇ ಕಳೀಬಹುದು. ಪಿಸ್ಟನ್ ಮೇಲೆ ಸೀಸದ ತಂತಿ ಇಟ್ಟು, ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿದು, ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ. ಆಮೇಲೆ ಹೆಡ್ ತೆಗೆದು ತಂತಿ ಎಷ್ಟು ತೆಳುವಾಗಿದೆ ಅಂತ ಅಳೆದರೆ ಅದೇ ನಿಜವಾದ ಸಂದು.

ಇಷ್ಟಕ್ಕೂ ನಾವೆಲ್ಲ ಪಿ-ವಿ ಡಯಾಗ್ರಾಮ್ ಕಣ್ಮುಚ್ಚಿ ಬಿಡಿಸ್ತೀವಿ. ಆದರೆ ರೈತರೊಬ್ಬರು ಬಂದು, "ಮುಂಜಾನಿ ಚಲೋ ಇರ್ತದ, ಕೆಸರಿಗೆ ಇಳಿಸಿದ್ ಕೂಡ್ಲೇ ಗುಡುಗುಡು ಅಂತದ" ಅಂದರೆ? ಆ ಒಂದು ಸಾಲಿನಲ್ಲೇ ಟೆಂಪರೇಚರ್ ಇದೆ, ಲೋಡ್ ಇದೆ, ಸದ್ದಿನ ದಪ್ಪವೂ ಇದೆ. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಮಗೆ ಅದೆಲ್ಲ 'ನಾಯ್ಸ್' ಅನ್ನೋ ಒಂದೇ ಪದ. ಟಿಕ್ ಟಿಕ್, ಕಟಕಟ, ಗುಡುಗುಡು, ಕಿರ್ ಕಿರ್ ಇವು ಬರೀ ಮಕ್ಕಳ ಮಾತಲ್ಲ. ಮೀಟರ್ ಇಲ್ಲದ ಕಡೆ ಇವೇ ರೀಡಿಂಗ್.

ಅದಕ್ಕೇ ನಮ್ಮ ಬೇಡಿಕೆ ಸಣ್ಣದು. ಎಂಜಿನ್ ಲ್ಯಾಬಿನಲ್ಲಿ ಒಂದು ಪಿರಿಯಡ್ ಕೇಳೋದಕ್ಕೇ ಇರಲಿ. ಟ್ಯಾಪೆಟ್ ಸಂದು ಬೇಕಂತಲೇ ಸ್ವಲ್ಪ ಹೆಚ್ಚು ಮಾಡಿ, ಸರಿಯಿದ್ದಾಗಿನ ಸದ್ದು, ತಪ್ಪಿದಾಗಿನ ಸದ್ದು ಎರಡನ್ನೂ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡೋಣ. ಉದ್ದ ಸ್ಕ್ರೂಡ್ರೈವರ್‌ನ ತುದಿ ಎಂಜಿನ್‌ಗೆ, ಹಿಡಿ ಕಿವಿಗೆ ಇಟ್ಟು ಕೇಳೋ ಮೆಕ್ಯಾನಿಕ್ ಒಬ್ಬರನ್ನ ಕರೆಸೋಣ. ಬೆಲ್ಟಿನ ಹತ್ತಿರ ಹೋಗದೆ ಅದನ್ನ ಹೇಗೆ ಮಾಡಬೇಕು ಅಂತ ಅವರೇ ತೋರಿಸಲಿ. ಅವರು ಪ್ರತಿ ಸದ್ದಿಗೆ ಏನಂತಾರೋ ಅದನ್ನ ಕನ್ನಡದಲ್ಲೇ ಬರೆದಿಡೋ ಕೆಲಸ ನಮ್ಮ ಸಂಘಕ್ಕಿರಲಿ.